ತುರುಗಾಳಗವೂ ಪುರಾಣಸ್ಮೃತಿಯೂ: ಒಂದು ಹಳೆಯ ಗಣಕದಾಟದ ವಿಮರ್ಶೆ

ವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳಿಗೆ ಸಲ್ಲುವುದೆಂದೇ ನಾವು ನಂಬಿ ಬಂದವರು. ಮುಖ್ಯೋಪಾಧ್ಯಾಯರಾಗಿದ್ದ ಕಾಲದಲ್ಲಿ ಗಣಕಯಂತ್ರದ ಆಟಗಳನ್ನು ಕಾಲಹರಣವೆಂದು ಪ್ರಾರ್ಥನಾ ಸಭೆಯಲ್ಲಿ ಖಂಡಿಸಿದವರೂ ನಾವೇ. ಕಳೆದ ಬೇಸಗೆಯ ರಜೆಯಲ್ಲಿ ಹೊಸೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು, “ತಾತ, ಇದರಲ್ಲಿ ಓದೋದೇ ಜಾಸ್ತಿ, ನೀವೇ ಆಡಿ ನೋಡಿ” ಎಂದು ಒಂದು ಆಟವನ್ನು ಮುಂದಿಟ್ಟನು. ಆ ಮಾತಿಗೆ ಸೋತು ಕುಳಿತ ನಾವು ರಜೆ ಮುಗಿಯುವವರೆಗೂ ಏಳಲಿಲ್ಲ.

ಆಟದ ಹೆಸರು ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’. ಡೇವಿಡ್ ಡನ್‌ಹ್ಯಾಮ್ ಅವರ ‘ಎ ಶಾರ್ಪ್’ ಎಂಬ ಸಣ್ಣ ಸಂಸ್ಥೆ ಇದನ್ನು 1999ರಲ್ಲಿ ಹೊರತಂದಿತು. ಬರವಣಿಗೆಯಲ್ಲಿ ರಾಬಿನ್ ಲಾಸ್ ಅವರ ಪಾಲು ದೊಡ್ಡದು. ಕಥೆ ನಡೆಯುವ ‘ಗ್ಲೊರಾಂಥಾ’ ಎಂಬ ಕಲ್ಪಿತ ಲೋಕವು ಗ್ರೆಗ್ ಸ್ಟಾಫರ್ಡ್ ಅವರ ಸೃಷ್ಟಿ. ಅದೇ ವರ್ಷ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಭಾಗವೂ ಬಂದಿತು. ತೆರೆಯ ತುಂಬ ಸೈನ್ಯಗಳು ಓಡಾಡುವ ಆಟಗಳ ಕಾಲವದು. ಇಲ್ಲಾದರೋ ಕೈಯಿಂದ ಬರೆದ ನಿಶ್ಚಲ ಚಿತ್ರಗಳು, ಅವುಗಳ ಕೆಳಗೆ ದೀರ್ಘ ಪಠ್ಯ. ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದ ಈ ಆಟ 2011ರಲ್ಲಿ ಐಫೋನಿಗೆ ಬಂದ ಮೇಲೆ ಹೊಸ ಓದುಗರನ್ನು ಪಡೆಯಿತು. ಓದುಗರು ಎಂದೇ ಹೇಳುತ್ತೇವೆ. ಆಟಗಾರರು ಎಂಬ ಮಾತು ಇಲ್ಲಿ ಸಾಲದು.

ತಮ್ಮ ನಾಡನ್ನು ಬಿಟ್ಟು, ಬಹುಕಾಲ ಪಾಳು ಬಿದ್ದಿದ್ದ ಕಣಿವೆಯಲ್ಲಿ ನೆಲೆಸಲು ಬಂದ ಒಂದು ಕುಲವನ್ನು ನಾವು ನಡೆಸಬೇಕು. ಆರಂಭದಲ್ಲಿಯೇ ಆಟವು ನಮ್ಮ ಪೂರ್ವಿಕರ ಕುರಿತು ಪ್ರಶ್ನೆಗಳನ್ನು ಕೇಳುತ್ತದೆ. ಅಲ್ಲಿ ಕೊಟ್ಟ ಉತ್ತರಗಳು ಮುಂದೆ ನಮ್ಮ ನಡೆಯನ್ನು ಕಟ್ಟಿಹಾಕುತ್ತವೆ. ಅಲ್ಲಿನ ವರ್ಷಕ್ಕೆ ಐದು ಋತುಗಳು. ಒಂದೊಂದು ಋತುವಿಗೆ ಎರಡೇ ಕಾರ್ಯಗಳು. ಏಳು ಮಂದಿಯ ಮಂಡಲಿಯೊಂದು ಸಲಹೆ ಕೊಡುತ್ತದೆ. ಪ್ರತಿಯೊಬ್ಬರ ಮಾತೂ ಅವರವರ ಸ್ವಭಾವಕ್ಕೆ, ಅವರು ಪೂಜಿಸುವ ದೇವತೆಗೆ ತಕ್ಕಂತೆ ಇರುತ್ತದೆ. ಅವರು ಮುಪ್ಪಾಗುತ್ತಾರೆ, ಸಾಯುತ್ತಾರೆ. ಯಾರ ಮಾತನ್ನು ಯಾವಾಗ ಕೇಳಬೇಕು, ಯಾವಾಗ ಬಿಡಬೇಕು ಎಂಬುದೇ ಇಲ್ಲಿನ ರಾಜನೀತಿ.

ಆ ಕುಲದ ಸಂಪತ್ತು ದನಕರುಗಳು. ನೆರೆಯವರ ದನ ಹೊಡೆಯುವುದು, ಹೋದ ದನ ಬಿಡಿಸುವುದು ಅಲ್ಲಿ ದಿನದ ಮಾತು. ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ವೀರಗಲ್ಲುಗಳು ಬಹಳ. ತುರುಗಾಳಗದಲ್ಲಿ ಮಡಿದವರ ಕಲ್ಲುಗಳನ್ನು ಬಲ್ಲವರಿಗೆ, ಕುಮಾರವ್ಯಾಸನ ಗೋಗ್ರಹಣ ಪ್ರಸಂಗವನ್ನು ಗಮಕದಲ್ಲಿ ಕೇಳಿದವರಿಗೆ ಈ ಲೋಕ ಪರಕೀಯವೆನಿಸದು. ಆದರೆ ಆಟದ ಹೆಚ್ಚುಗಾರಿಕೆ ಗೆಲುವಿನ ಆಚೆಗಿದೆ. ಇಂದು ಹೊಡೆದು ತಂದ ಹಸು ಕೆಲವು ವರ್ಷಗಳ ಅನಂತರ ಹಗೆಯಾಗಿ ಬಾಗಿಲಿಗೆ ಬರುತ್ತದೆ. ಇಂದು ಕೊಟ್ಟ ಉಡುಗೊರೆ ಋಣವಾಗಿ ಕಾಯುತ್ತದೆ. ನೆರೆಯವರನ್ನೆಲ್ಲ ನಾಶಮಾಡಿ ಇಲ್ಲಿ ರಾಜನಾಗಲು ಬಾರದು. ಅವರು ಒಪ್ಪಿದರೆ ಮಾತ್ರ ರಾಜ್ಯ.

ಇನ್ನೊಂದು ವಿಶೇಷವುಂಟು. ಕುಲಕ್ಕೆ ಕಷ್ಟ ಬಂದಾಗ ಒಬ್ಬರು ದೇವತೆಯ ಕಥೆಯೊಳಗೆ ಹೊಕ್ಕು, ಅದನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ನಡೆಸಬೇಕು. ಮಳೆಯ ದೇವನನ್ನು ನುಂಗಿದ ನೀಲ ಘಟಸರ್ಪವನ್ನು ಓರ್ಲಾಂತನೆಂಬ ಬಿರುಗಾಳಿಯ ದೇವನು ಕೊಂದ ಕಥೆ ಅಂಥದೊಂದು. ಕಥೆ ಸರಿಯಾಗಿ ತಿಳಿಯದಿದ್ದರೆ ಶೌರ್ಯವಿದ್ದೂ ವ್ಯರ್ಥ. ಪುಟ ತಿರುವುವ ಆತುರದಲ್ಲಿ ಕಥೆಯನ್ನು ಅರ್ಧಂಬರ್ಧ ಓದಿ ಕಳುಹಿಸಿದ ನಮ್ಮ ವೀರನು ಗಾಯಗೊಂಡು ಬರಿಗೈಯಲ್ಲಿ ಮರಳಿದನು. ಮೂವತ್ತೆಂಟು ವರ್ಷ ಮಕ್ಕಳಿಗೆ “ಪಾಠವನ್ನು ಪೂರ್ತಿ ಓದಿ” ಎಂದವರಿಗೆ ತಕ್ಕ ಶಾಸ್ತಿ! ಮೊಮ್ಮಗನಾದರೋ ಕಥೆಯನ್ನು ಬಾಯಿಪಾಠದಂತೆ ಒಪ್ಪಿಸಿ ಗೆದ್ದನು.

“ಇದು ಇಂದ್ರನು ವೃತ್ರನನ್ನು ಕೊಂದು ನೀರು ಬಿಡಿಸಿದ ಹಾಗೆಯೇ ಇದೆಯಲ್ಲ” ಎಂದೆವು. “ವೃತ್ರ ಯಾರು ತಾತ?” ಎಂದನು. ಆ ಪ್ರಶ್ನೆ ನಮ್ಮನ್ನು ಬಹಳ ಹೊತ್ತು ಮೌನವಾಗಿಸಿತು. ದೋಷ ಆಟದ್ದಲ್ಲ, ಹುಡುಗನದ್ದಂತೂ ಅಲ್ಲ. ಹೇಳಬೇಕಾದವರು ಹೇಳಿರಲಿಲ್ಲ. ಅಂದು ರಾತ್ರಿ ಗಣಕವನ್ನು ಮುಚ್ಚಿ, ವೃತ್ರನ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಅವನು ನಡುನಡುವೆ ನಿಲ್ಲಿಸಿ, “ಇಲ್ಲಿ ಇಂದ್ರ ಬೇರೆ ದಾರಿ ಹಿಡಿದಿದ್ದರೆ?” ಎಂದು ಕೇಳುತ್ತ ಹೋದನು. ಕಥೆಯನ್ನು ಹಾಗೆ ಕೇಳುವುದನ್ನು ಅವನಿಗೆ ಕಲಿಸಿದ್ದು ಈ ಆಟವೇ.

ಕುಂದುಗಳೂ ಇವೆ. ಕಾಳಗವು ಕೆಲವೇ ಆಯ್ಕೆಗಳಲ್ಲಿ ಮುಗಿಯುತ್ತದೆ. ಸೋತದ್ದೇಕೆಂದು ಎಷ್ಟೋ ಸಲ ತಿಳಿಯುವುದಿಲ್ಲ. ಹೆಸರುಗಳ ದಟ್ಟಣೆ ಮೊದಲಿಗೆ ದಣಿಸುತ್ತದೆ. ಮತ್ತೆ ಮತ್ತೆ ಆಡಿದರೆ ಕಂಡ ಪ್ರಸಂಗಗಳೇ ಎದುರಾಗುತ್ತವೆ. ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಇದು ಮುಚ್ಚಿದ ಬಾಗಿಲು. ಇವೆಲ್ಲವನ್ನೂ ಕಳೆದ ಮೇಲೆಯೂ ಉಳಿಯುವ ತಿರುಳು ದೊಡ್ಡದು.

ನೆಲ ಬದಲಾದರೂ ಕಥೆಯನ್ನು ಮರೆಯದ ಕುಲ ಉಳಿಯುತ್ತದೆಂಬುದು ಈ ಆಟದ ಸಾರ. ಗಡಿಯಾಚೆ ನೆಲೆಸಿದ ನಮಗೆ ಇದು ಹೊಸ ಮಾತಲ್ಲ. ಆದರೂ ನಾವು ಮರೆತಿದ್ದ ಮಾತು. ಸಂಘದ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ: ಮಕ್ಕಳ ಕೈಯ ಆಟವನ್ನು ಕಸಿಯುವ ಮುನ್ನ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ. ಅವರು ಕೇಳಬಹುದಾದ ಪ್ರಶ್ನೆಗೆ ಉತ್ತರವಾಗುವ ಕಥೆಯೊಂದನ್ನು ನೆನಪಿನಲ್ಲಿ ಸಿದ್ಧವಾಗಿಟ್ಟುಕೊಂಡಿರಿ.