ನಾರ್ಮನ್ ಲೂಯಿಸ್ ಪುಸ್ತಕ ನಮ್ಮ ಮಕ್ಕಳಿಗೆ ಸಾಕೆ?

ಬ್ಯಾಂಕ್, ರೈಲ್ವೆ, ಎಸ್‌ಎಸ್‌ಸಿ ಪರೀಕ್ಷೆಗೆ ಓದಲು ಕೂತವರಿಗೆ ಯಾರಾದರೊಬ್ಬರು ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಸಿ' ಓದು ಎಂದು ಹೇಳಿಯೇ ಇರುತ್ತಾರೆ. 1949ರಲ್ಲಿ ಅಮೆರಿಕದಲ್ಲಿ ಬಂದ ಈ ಪುಸ್ತಕ ಇವತ್ತಿಗೂ ನಮ್ಮ ಫುಟ್‌ಪಾತ್ ಅಂಗಡಿಗಳಲ್ಲಿ ಸಿಗುತ್ತದೆ. ಕಿರಂಗೂರಿನಂಥ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಶ್ರೀರಂಗಪಟ್ಟಣಕ್ಕೋ ಮಂಡ್ಯಕ್ಕೋ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ?

ಮೊದಲು ಇದರ ಹೆಚ್ಚುಗಾರಿಕೆ ಹೇಳಬೇಕು. ಲೂಯಿಸ್ ಪದಗಳ ಪಟ್ಟಿ ಕೊಟ್ಟು ಉರು ಹೊಡೆಸುವುದಿಲ್ಲ. ಗ್ರೀಕ್, ಲ್ಯಾಟಿನ್ ಮೂಲಗಳನ್ನು ಹಿಡಿದು ಪದಗಳನ್ನು ಕುಟುಂಬ ಕುಟುಂಬವಾಗಿ ಪರಿಚಯಿಸುತ್ತಾರೆ. ವೈದ್ಯರ ಕುರಿತ ಅಧ್ಯಾಯವನ್ನೇ ನೋಡಿ. ಆಸ್ಪತ್ರೆಯ ಬೋರ್ಡುಗಳಲ್ಲಿ ನಾವು ದಿನವೂ ಕಾಣುವ ಕಾರ್ಡಿಯಾಲಜಿಸ್ಟ್, ಡರ್ಮಟಾಲಜಿಸ್ಟ್, ಪೀಡಿಯಾಟ್ರಿಶಿಯನ್, ಸೈಕಿಯಾಟ್ರಿಸ್ಟ್ ಎಲ್ಲರೂ ಅಲ್ಲಿದ್ದಾರೆ. ಕಾರ್ಡಿಯಾ ಎಂದರೆ ಹೃದಯ, ಡರ್ಮ ಎಂದರೆ ಚರ್ಮ. ಕೊನೆಯ ಎರಡು ಪದಗಳಲ್ಲಿ ಅಡಗಿರುವ 'ಇಯಾಟ್ರೋಸ್' ಗ್ರೀಕಿನಲ್ಲಿ ವೈದ್ಯ. ಒಂದು ಮೂಲ ತಿಳಿದರೆ ನಾಲ್ಕಾರು ಪದ ಬಿಡಿಸಿಕೊಳ್ಳುತ್ತವೆ. ಗಟ್ಟಿಯಾಗಿ ಉಚ್ಚರಿಸಿ, ಬಿಟ್ಟ ಸ್ಥಳ ತುಂಬಿ, ಮತ್ತೆ ಮರಳಿ ನೋಡಿ ಎಂಬ ಅವರ ಕ್ರಮವೂ ಒಳ್ಳೆಯ ಮೇಷ್ಟರ ಕ್ರಮ.

ನಮ್ಮ ಮಕ್ಕಳಿಗೆ ಇದು ಹೊಸ ವಿದ್ಯೆಯಲ್ಲ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಲ್ಲವೂ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗ ಸೇರಿ ಆದ ಪದಗಳು. ಆದರೆ 'ಪರಿ', 'ಹಾರ' ಎರಡನ್ನೂ ಬಲ್ಲವರಿಗೂ ಬೆಳೆ ಪರಿಹಾರದ ಅರ್ಥ ತಾನಾಗಿ ಹೊಳೆಯುವುದಿಲ್ಲ. ಅದು ಬಳಕೆಯಿಂದಲೇ ಬರಬೇಕು. ಮೂಳೆ ಡಾಕ್ಟರನ್ನು ಆರ್ಥೋಪೆಡಿಸ್ಟ್ ಎನ್ನುತ್ತೇವೆ. ಆ ಪದದ ಮೂಲದಲ್ಲಿರುವುದು 'ನೇರ' ಮತ್ತು 'ಮಗು'. ಮೂಳೆಯ ಸುದ್ದಿಯೇ ಇಲ್ಲ. ಮೂಲ ನೆನಪಿಗೆ ಆಸರೆ ಆಗುತ್ತದೆ, ಅರ್ಥಕ್ಕೆ ಜಾಮೀನು ಆಗುವುದಿಲ್ಲ.

ಪುಸ್ತಕದ ದೊಡ್ಡ ಕೊರತೆ ಇರುವುದು ಅದು ಯಾರಿಗಾಗಿ ಬರೆದದ್ದು ಎಂಬಲ್ಲಿ. ಲೂಯಿಸ್ ಕಣ್ಣ ಮುಂದೆ ಇದ್ದವರು ಇಂಗ್ಲಿಷನ್ನು ಮನೆಮಾತಾಗಿ ಆಡುವ ಅಮೆರಿಕದ ವಯಸ್ಕರು. ಅವರಿಗೆ ವಾಕ್ಯ ಕಟ್ಟಲು ಬರುತ್ತದೆ, ಇನ್ನಷ್ಟು ಪದ ಬೇಕು. ನಮ್ಮ ಹುಡುಗಿಗೆ ಮೊದಲು ಬೇಕಾದದ್ದು ಪದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಎಂಬ ತಿಳಿವಳಿಕೆ. ಮದುವೆಯನ್ನು ದ್ವೇಷಿಸುವವನು ಮಿಸಾಗಮಿಸ್ಟ್ ಎಂದು ಬಾಯಿಪಾಠ ಮಾಡಿದವಳು, 'ಡಿಸ್ಕಸ್' ಮುಂದೆ 'ಅಬೌಟ್' ಸೇರಿಸಿ ಅರ್ಜಿ ಕೆಡಿಸಿಕೊಳ್ಳುತ್ತಾಳೆ. ಸಾಲದ ಕಾಗದದ ಹೈಪಾಥಿಕೇಶನ್, ಕೋರ್ಟ್ ನೋಟಿಸಿನ ಇಂಜಂಕ್ಷನ್ ಕೂಡ ಕಠಿಣ ಪದಗಳೇ. ಕಬ್ಬು ಬೆಳೆಯುವ ಮನೆಯಲ್ಲಿ ಅವನ್ನು ಅಪ್ಪನಿಗೆ ಓದಿ ಹೇಳಬೇಕಾದವರು ಈ ಮಕ್ಕಳೇ.

ಈ ಕೊರತೆಗಿಂತ ಹೆಚ್ಚು ಹಾನಿ ಮಾಡುವುದು ಪದ, ಎದುರಿಗೊಂದು ಅರ್ಥ ಎಂಬ ಗೈಡುಗಳ ಪಟ್ಟಿ. 'ಸ್ಯಾಂಕ್ಷನ್' ಎಂದರೆ ಮಂಜೂರಾತಿ ಎಂದಷ್ಟೇ ಕಲಿತವರು, ಅಮೆರಿಕ ಇರಾನಿನ ಮೇಲೆ ಸ್ಯಾಂಕ್ಷನ್ ಹೇರಿದ ಸುದ್ದಿಯನ್ನು ತಲೆಕೆಳಗಾಗಿ ಓದುತ್ತಾರೆ. ಲೂಯಿಸ್ ಬಿಡಿಸಿದ ಚಟವನ್ನು ನಾವೇ ಮತ್ತೆ ಅಂಟಿಸಿಕೊಂಡಿದ್ದೇವೆ.

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ಸೀಮೆಯಲ್ಲೇ ಇದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಊರಿನ ಹೆಸರು ಹೊತ್ತ ಜಿ. ವೆಂಕಟಸುಬ್ಬಯ್ಯನವರು (1912–2021) 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆದರು. ಇಂಗ್ಲಿಷ್–ಕನ್ನಡ ನಿಘಂಟನ್ನೂ ಸಂಪಾದಿಸಿದ ಅವರು ಅಲ್ಲಿ ಪಟ್ಟಿ ಕೊಡಲಿಲ್ಲ. ಓದುವಾಗಲೋ ಮಾತಾಡುವಾಗಲೋ ಎಡವಿದ ಪದವನ್ನು ಓದುಗರು ಕೇಳಿದರು. ಅವರು ಅದರ ಮೂಲವನ್ನೂ ಬಳಕೆಯನ್ನೂ ವಿವರಿಸಿದರು. ಅದು ಕನ್ನಡ ಪದಗಳ ಅಂಕಣವಾದರೂ, ಸಂಶಯ ಮೊದಲು, ಅರ್ಥ ಆಮೇಲೆ ಎಂಬ ಆ ಕ್ರಮ ಇಂಗ್ಲಿಷಿಗೂ ಸಲ್ಲುತ್ತದೆ. ತಾನೇ ಕೇಳಿ ತಿಳಿದ ಪದ ಮರೆಯುವುದು ಕಡಿಮೆ.

ಹಾಗಾಗಿ ಲೂಯಿಸ್ ಪುಸ್ತಕ ಇರಲಿ, ಆದರೆ ಎರಡನೆಯ ಪುಸ್ತಕವಾಗಿ ಇರಲಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ, ಒಂದು ನಿಘಂಟು ಸಿಕ್ಕರೆ ಕೆಲಸ ಶುರುಮಾಡಬಹುದು. ದಿನಕ್ಕೊಂದು ಸುದ್ದಿ ಓದಿ, ತಿಳಿಯದ ಪದಗಳನ್ನು ಗುರುತು ಹಾಕಿಕೊಂಡು, ನಿಘಂಟು ನೋಡಿ, ಸ್ವಂತ ವಾಕ್ಯ ಬರೆದು ಮೇಷ್ಟರಿಗೆ ತೋರಿಸಬೇಕು. ಆಮೇಲೆ ಆ ಪದಗಳ ಮೂಲ ಹುಡುಕಲು ಲೂಯಿಸ್ ತೆರೆಯಲಿ. ಕೋಚಿಂಗ್ ನಡೆಸುವವರೂ ಅಷ್ಟೆ, ಪದಪಟ್ಟಿ ಒಪ್ಪಿಸಿಕೊಳ್ಳುವುದನ್ನು ಬಿಟ್ಟು ಮಕ್ಕಳು ಬರೆದ ವಾಕ್ಯ ತಿದ್ದಲು ಕೂರಬೇಕು.