‘ನಮ್ಮ ಊರು’ ಎಂಬ ಪಾಠ

ಡೊಂಬಿವಲಿ ಪೂರ್ವದ ನಮ್ಮ ಮನೆಯ ಹಾಲಿನಲ್ಲಿ ಸಂಜೆ ಹೊತ್ತು ಏಳೆಂಟು ಮಕ್ಕಳು ಪಾಠಕ್ಕೆ ಬರುತ್ತಾರೆ. ಕನ್ನಡ ಮಾಧ್ಯಮದವರು ಒಬ್ಬಿಬ್ಬರು, ಉಳಿದವರೆಲ್ಲ ಇಂಗ್ಲಿಷ್. ಮೂರನೇ ಇಯತ್ತೆಯ ಹುಡುಗನೊಬ್ಬ ಒಂದು ದಿನ ವರ್ಕ್‌ಬುಕ್ ತೆರೆದು ಪೆನ್ಸಿಲ್ ಕಚ್ಚುತ್ತ ಕೂತಿದ್ದ. ಮಗನ ಕನ್ನಡ ಬಿಟ್ಟುಹೋಗದಿರಲಿ ಅಂತ ಅಪ್ಪ ಕುಂದಾಪುರದಿಂದ ತಂದುಕೊಟ್ಟ ಪುಸ್ತಕ ಅದು. ‘ನಮ್ಮ ಊರು’ ಎಂಬ ಪಾಠ. ಚಿತ್ರದಲ್ಲಿ ಬಾವಿ, ಆಲದ ಮರ, ಗುಡಿ, ಎತ್ತಿನ ಗಾಡಿ. ಕೆಳಗೆ ಖಾಲಿ ಗೆರೆ, ನಿಮ್ಮ ಊರಿನ ಹೆಸರು ಬರೆಯಿರಿ ಅಂತ.

“ಟೀಚರ್, ಇಲ್ಲಿದ್ದು ಬರೀಬೇಕಾ, ಊರಿದ್ದಾ?”

ಮುಂಬಯಿ ಕಡೆಯ ಕನ್ನಡ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ತೊಡಕು ತಕ್ಷಣ ಗೊತ್ತಾಗುತ್ತದೆ. ನಮ್ಮಲ್ಲಿ ಊರು ಅಂದರೆ ಇರುವ ಜಾಗವಲ್ಲ, ಮೇ ತಿಂಗಳಲ್ಲಿ ಹೋಗುವ ಜಾಗ. “ಊರಿಂದ ಯಾವಾಗ ಬಂದ್ರಿ?” ಅಂತ ಕೇಳಿದರೆ ಯಾವ ಊರು ಅಂತ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. “ನಿಂಗೆ ಯಾವ್ದು ಅನ್ಸತ್ತೋ ಅದನ್ನೇ ಬರಿ” ಅಂದೆ. ಡೊಂಬಿವಲಿ ಅಂತ ಬರೆದ. ರಾತ್ರಿ ಹೋಟೆಲಿನ ಕೆಲಸ ಮುಗಿಸಿ ಬಂದ ಅವನ ಅಪ್ಪ ಅದನ್ನು ನೋಡಿದರಂತೆ. ಮರುದಿನ ಬಿಲ್ಡಿಂಗಿನ ಗೇಟಿನಲ್ಲಿ ಸಿಕ್ಕಾಗ, “ಇವನಿಗೆ ಊರೇ ಇಲ್ದಾಗೆ ಆಯ್ತಲ್ಲ ಟೀಚರೇ” ಅಂದರು. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದಾಚೆಗೆ ಸಣ್ಣ ಮಕ್ಕಳ ಸಮಾಜ ಪಾಠಕ್ಕೆಂದು ಬರುವ ಚಿತ್ರಪುಸ್ತಕ, ವಿಡಿಯೋ, ಆ್ಯಪು ಏನು ಕೈಗೆ ಸಿಕ್ಕಿದರೂ, ಈ ಹುಡುಗ ಇದರೊಳಗೆ ಎಲ್ಲಿ ಕೂರಬಹುದು ಅಂತ ಹುಡುಕುವುದು ನನಗೆ ಚಟವಾಗಿಬಿಟ್ಟಿದೆ. ಮನೆ, ಬೀದಿ, ಊರು, ಜಿಲ್ಲೆ, ರಾಜ್ಯ, ದೇಶ ಅಂತ ಮೆಟ್ಟಿಲು ಹತ್ತಿಸುವ ಈ ಕ್ರಮವನ್ನು ಕಟ್ಟಿದವರು ಹುಟ್ಟಿದ ಊರಲ್ಲೇ ಬೆಳೆದು ಅಲ್ಲೇ ನೌಕರಿ ಹಿಡಿದವರಿರಬೇಕು. ನಮ್ಮ ಮಕ್ಕಳಿಗೆ ಮೂರನೇ ಮೆಟ್ಟಿಲಲ್ಲೇ ಕಾಲು ಎಡವುತ್ತದೆ.

ಚಿತ್ರಪುಸ್ತಕಗಳ ಊರಿನ ಮಾತು ಹೇಳಿದೆನಲ್ಲ, ಪರದೆಯ ಊರು ಅದಕ್ಕಿಂತ ದೂರದ್ದು. ಒಂದು ಶಾಲೆಯಲ್ಲಿ ಸ್ಮಾರ್ಟ್ ಬೋರ್ಡಿನ ಪಾಠ ನೋಡಲು ಕೂತಿದ್ದೆ. ‘ನೆರೆಹೊರೆ’ ಎಂಬ ಪಾಠದಲ್ಲಿ ಇಳಿಜಾರು ಸೂರಿನ ಮನೆಗಳು, ಹುಲ್ಲುಹಾಸು, ಟೊಪ್ಪಿ ಹಾಕಿದ ಅಂಚೆಯವನು, ಹಿನ್ನೆಲೆಗೆ ಪಿಯಾನೋ. ಮಕ್ಕಳು ಸದ್ದಿಲ್ಲದೆ ನೋಡಿದರು. ಮುಗಿದ ಮೇಲೆ, ನಿಮ್ಮ ಏರಿಯಾದ ಪೋಸ್ಟ್ ಆಫೀಸು ಎಲ್ಲಿದೆ ಅಂತ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಅದು ಆ ಶಾಲೆಯಿಂದ ಎರಡು ಗಲ್ಲಿ ಆಚೆಗಿತ್ತು. ಟೀಚರನ್ನು ದೂರುವುದಿಲ್ಲ. ಅರವತ್ತು ಮಕ್ಕಳನ್ನು ಗಲ್ಲಿಗೆ ಕರಕೊಂಡು ಹೋಗುವುದಕ್ಕಿಂತ ಬಟನ್ ಒತ್ತುವುದು ಸುಲಭ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಚಿತ್ರ ಬರೆದು ಚರಿತ್ರೆ ಹೇಳುವುದರಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಷ್ಟು ಹಿಂದಿನದು. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು 1965ರಿಂದ ಕನ್ನಡದಲ್ಲೇ ಬಂದವು; ಆ ಮಾಲೆಯನ್ನು ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದವರು. ಆದರೆ ಚಿತ್ರಕಥೆಯಲ್ಲಿ ರಾಜರುಂಟು, ಋಷಿಗಳುಂಟು. ರಾಜ ದಾಟಿ ಹೋದ ಬೀದಿಯಲ್ಲಿ ಅಂಗಡಿ ಇಟ್ಟವನ ಕಥೆ ಕಾಣೆ. ಅವು ಮನೆಯಲ್ಲಿರಲಿ, ಮಕ್ಕಳು ಓದಲಿ. ಸಮಾಜ ಪಾಠಕ್ಕೆ ಸಾಲವು, ಅಷ್ಟೇ.

ಕಲ್ಯಾಣದಿಂದ ಬರುವ ಒಬ್ಬಳು ಹುಡುಗಿ ಕೇಳಿದಳು, “ಬಸವಣ್ಣ ನಮ್ಮ ಕಲ್ಯಾಣದವರಾ?” ಮನೆಯಲ್ಲಿ ಅಜ್ಜಿ ವಚನ ಹೇಳುವಾಗ ಕಲ್ಯಾಣ, ಕಲ್ಯಾಣ ಅಂತ ಕೇಳಿ ಅವಳಿಗೆ ಹೆಮ್ಮೆ ಬಂದುಬಿಟ್ಟಿತ್ತು. ಫೋನಿನಲ್ಲಿ ಹುಡುಕಿದರೆ ಬಸವಣ್ಣನ ಮೂರ್ತಿಯ ಪಕ್ಕದಲ್ಲೇ ಕಲ್ಯಾಣ ಜಂಕ್ಷನ್ನಿನ ಮೇಲ್ಸೇತುವೆಯ ಚಿತ್ರ ಬಂತು. ಎರಡೂ ಒಂದೇ ಅಳತೆಯ ಚೌಕದಲ್ಲಿ ಅಕ್ಕಪಕ್ಕ ಕೂತಿದ್ದವು. ಇನ್ನೇನು ಬೇಕು, ಅವಳ ಅನುಮಾನ ಪರಿಹಾರವಾಯಿತು! ಕೊನೆಗೆ ಗೋಡೆಯ ಹಳೇ ನಕ್ಷೆ ಇಳಿಸಿ, ನೆಲಕ್ಕೆ ಹಾಸಿ, ದಾರ ಹಿಡಿದು ಅಳೆದೆವು. ಬಸವಣ್ಣನ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣ, ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 430 ಕಿಲೋಮೀಟರ್. ಹುಡುಗಿಯ ಮುಖ ಸಣ್ಣಗಾಯಿತು. ಆಗ ಈ ಕಲ್ಯಾಣದ ಕಥೆಯೂ ಹೇಳಬೇಕಾಯಿತು. ಬಸವಣ್ಣನಿಗಿಂತ ಸಾವಿರ ವರ್ಷ ಹಿಂದೆಯೇ ಇದು ಬಂದರು. ಗ್ರೀಕ್ ಭಾಷೆಯ ‘ಪೆರಿಪ್ಲಸ್’ನಲ್ಲಿ ಇದರ ಹೆಸರಿದೆ, ಕಾನ್ಹೇರಿ ಗವಿಗಳಿಗೆ ದಾನ ಕೊಟ್ಟವರಲ್ಲಿ ಕಲ್ಯಾಣದವರಿದ್ದಾರೆ. ದುರ್ಗಾಡಿ ಕೋಟೆ ಅವಳ ಮನೆಯಿಂದ ರಿಕ್ಷಾ ದೂರ. “ಹಾಗಾದ್ರೆ ಎರಡೂ ನಮ್ದೇ” ಅಂದಳು. ನಾನು ಹೂಂ ಅಂದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಬಾಲಭಾರತಿಯವರು ಕನ್ನಡ ಮಾಧ್ಯಮದ ಪುಸ್ತಕವನ್ನೂ ಅಚ್ಚುಮಾಡುತ್ತಾರೆ, ಅದು ದೊಡ್ಡ ಮಾತು. ಆದರೆ ಅಲ್ಲಿ ಬಂದಿರುವುದು ಮರಾಠಿ ಪಾಠದ ಕನ್ನಡ ರೂಪ. ನಾಲ್ಕನೇ ಇಯತ್ತೆಯ ಶಿವಾಜಿ ಚರಿತ್ರೆಯನ್ನೇ ತಗೊಳ್ಳಿ. ಶಿವಾಜಿಯ ತಂದೆ ಶಹಾಜಿಗೆ ಬೆಂಗಳೂರು ಜಹಗೀರಾಗಿತ್ತು, 1664ರಲ್ಲಿ ಅವರು ತೀರಿಕೊಂಡಿದ್ದು ಚನ್ನಗಿರಿ ಕಡೆಯ ಹೊದಿಗೆರೆಯಲ್ಲಿ, ಸಮಾಧಿ ಈಗಲೂ ಅಲ್ಲಿದೆ. ದಾವಣಗೆರೆ ಕಡೆಯಿಂದ ಬಂದು ಉಲ್ಲಾಸನಗರದಲ್ಲಿ ನೆಲೆಸಿದ ಮನೆಯ ಮಗುವಿಗೆ ಆ ಸಮಾಧಿಯ ಒಂದು ಫೋಟೋ ತೋರಿಸಿ ನೋಡಿ, ಪಾಠ ಬೇರೆಯೇ ಆಗುತ್ತದೆ.

ಹಾಗಂತ ಯಂತ್ರವನ್ನು ಬೈದು ಕೂರುವವಳಲ್ಲ ನಾನು. ಅಚ್ಚಾದ ಚಿತ್ರ ಅಚ್ಚಾದ ದಿನವೇ ನಿಂತುಬಿಡುತ್ತದೆ. ಬಾಲಭಾರತಿಯ ಮೂರನೇ ಇಯತ್ತೆಯ ಪರಿಸರ ಅಭ್ಯಾಸ ಜಿಲ್ಲೆಗೊಂದರಂತೆ ಬರುತ್ತಿತ್ತು, ಒಳ್ಳೆಯ ಯೋಚನೆ. 2014ರ ಆಗಸ್ಟ್ 1ರಂದು ಥಾಣೆ ಒಡೆದು ಪಾಲ್ಘರ್ ಜಿಲ್ಲೆಯಾಯಿತು, ವಸಯಿ, ಡಹಾಣು, ಜವ್ಹಾರ ಸೇರಿ ಎಂಟು ತಾಲೂಕು ಅತ್ತ ಹೋದವು. ಅಕ್ಕನ ಹಳೇ ನಕ್ಷೆಯನ್ನೂ ತನ್ನ ಹೊಸ ನಕ್ಷೆಯನ್ನೂ ಪಕ್ಕದಲ್ಲಿಟ್ಟ ಒಬ್ಬ, “ಟೀಚರ್, ನಮ್ಮ ಸಮುದ್ರ ಎಲ್ಲಿ ಹೋಯ್ತು?” ಅಂದ. ಪೂರ್ತಿ ಹೋಗಿಲ್ಲ ಮಾರಾಯ, ಭಾಯಂದರ್ ಆಚೆ ಉತ್ತನ್‌ನಲ್ಲಿ ಸ್ವಲ್ಪ ಉಳಿದಿದೆ ಅಂತ ಫೋನಿನಲ್ಲಿ ತೋರಿಸಿದೆ.

ಫೋನಿನಿಂದ ನನಗೇ ಪಾಠವಾದದ್ದು ಉಲ್ವೆಯ ಗುಡ್ಡದ ವಿಷಯದಲ್ಲಿ. ನವಿಮುಂಬಯಿಯ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತಲ್ಲ, ಅದಕ್ಕಾಗಿ ಆ ಗುಡ್ಡವನ್ನು ನೆಲಸಮ ಮಾಡಿದರು, ನದಿಯ ಪಾತ್ರ ತಿರುಗಿಸಿದರು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡುವ ಸೌಕರ್ಯ 2009ರಲ್ಲಿ ಬಂತು. ಅದರ ಗುಂಡಿಯನ್ನು ಎಳೆಯುತ್ತ ಹೋದರೆ ಹಸಿರು ಗುಡ್ಡ ಕೆಂಪಾಗುತ್ತದೆ, ಆಮೇಲೆ ಬೂದಿ ಬಣ್ಣ, ಆಮೇಲೆ ಉದ್ದನೆಯ ಗೆರೆ. ಮಕ್ಕಳು ಉಸಿರು ಬಿಗಿಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದರು. ಭೂಮಿ ಬದಲಾಗುತ್ತದೆ ಎಂಬ ಪಾಠವನ್ನು ಇಷ್ಟು ಚೆನ್ನಾಗಿ ಯಾವ ಚಿತ್ರಪುಸ್ತಕವೂ ಹೇಳಲಾರದು. ಆದರೆ ಅಲ್ಲಿದ್ದ ಹತ್ತು ಹಳ್ಳಿಗಳ ಜನ ಆ ಚಿತ್ರದಲ್ಲಿ ಕಾಣುವುದಿಲ್ಲ. ಅಷ್ಟು ಎತ್ತರದಿಂದ ನೋಡಿದರೆ ಮನೆ ಒಂದು ಚುಕ್ಕೆ. ಚುಕ್ಕೆ ಇಲ್ಲವಾದರೆ ಅಳು ಬರುವುದಿಲ್ಲ. ಒಬ್ಬಳು ಮಾತ್ರ, “ಅವರ ಊರು ಈಗ ಯಾವುದು?” ಅಂದಳು. ಆ ಪ್ರಶ್ನೆ ಅವಳಿಗೆ ಬಂದದ್ದು ಪರದೆಯಿಂದಲ್ಲ, ಅವಳ ಮನೆಯ ಮಾತಿನಿಂದ.

ಇಷ್ಟರಲ್ಲಿ ನನಗೆ ಅತ್ಯಂತ ಹತ್ತಿರವಾದ ಪಾಠ ಎನ್‌ಸಿಇಆರ್‌ಟಿಯದು. 2007ರಲ್ಲಿ ಬಂದ ನಾಲ್ಕನೇ ತರಗತಿಯ ‘ಲುಕಿಂಗ್ ಅರೌಂಡ್’ ಪುಸ್ತಕದಲ್ಲಿ ಓಮನಾ ಎಂಬ ಹುಡುಗಿ ಗುಜರಾತಿನಿಂದ ಕೇರಳದ ಅಜ್ಜಿಮನೆಗೆ ರೈಲಿನಲ್ಲಿ ಹೋಗುತ್ತಾಳೆ. ಜೊತೆಗೆ ಬರಬೇಕಾಗಿದ್ದ ಗೆಳತಿ ಕಾಲು ಮುರಿದುಕೊಂಡು ಮನೆಯಲ್ಲಿ ಉಳಿದದ್ದರಿಂದ ಅವಳಿಗಾಗಿ ಡೈರಿ ಬರೆಯುತ್ತಾಳೆ. ಪುಟದಲ್ಲಿ ನಿಜವಾದ ರೈಲು ಟಿಕೆಟಿನಂಥ ಚಿತ್ರ. ಗಾಡಿ ನಂಬರು, ಬರ್ತು, ದೂರ ಎಲ್ಲ ಮಗುವೇ ಹುಡುಕಬೇಕು. ಸುರಂಗ, ಸೇತುವೆ, ಬದಲಾಗುವ ಮಾತು, ತಿಂಡಿ. 2025ರಲ್ಲಿ ಹೊಸ ಪುಸ್ತಕ ಬಂದು ಇದು ಪಠ್ಯದಿಂದ ಹೋಯಿತು. ನನ್ನ ಹತ್ತಿರದ ಪ್ರತಿಯ ಹೊದಿಕೆ ಕಿತ್ತಿದೆ, ಬಿಸಾಡಿಲ್ಲ. ನಮ್ಮ ಮಕ್ಕಳಿಗೆ ಇದು ಓದುವ ಮೊದಲೇ ಗೊತ್ತಿರುವ ಪಾಠ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಮತ್ಸ್ಯಗಂಧ ಓಡತೊಡಗಿದ ಮೇಲೆ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಚೀಲದ ಮೇಲೆ ಕೂತು ಕಾಯದ ಕರಾವಳಿಯ ಮಗು ಈ ಕಡೆ ಅಪರೂಪ.

ಆದರೂ ಓಮನಾಳ ಮೇಲೆ ನನಗೊಂದು ತಕರಾರಿದೆ. ಪಾಠ ಮೂರು ಅಧ್ಯಾಯ ನಡೆದು ಅಜ್ಜಿಮನೆ ತಲುಪಿ ಮುಗಿಯುತ್ತದೆ. ವಾಪಸು ಪ್ರಯಾಣ ಇಲ್ಲ. ಹಲಸಿನ ಹಪ್ಪಳದ ಡಬ್ಬ ಹಿಡಿದು ಬೆಳಗಿನ ಜಾವ ಇಳಿದು ಬೀಗ ತೆಗೆದಾಗ ಮನೆಯೊಳಗಿನ ಮುಚ್ಚಿದ ವಾಸನೆ, ಮರುದಿನವೇ ನೀರಿನ ಟೈಮಿಗೆ ಏಳಬೇಕಾದ ಬದುಕು, ಇವು ಯಾವ ಮಕ್ಕಳ ಪುಸ್ತಕದಲ್ಲೂ ಬಂದದ್ದು ನಾನು ನೋಡಿಲ್ಲ. ಊರು ಎಂದರೆ ತಲುಪುವ ಜಾಗ ಎಂದೇ ಎಲ್ಲರ ಲೆಕ್ಕ.

ಅದಕ್ಕೇ ಕಳೆದ ಮೇ ರಜೆಗೆ ಮೊದಲು ಆ ಹುಡುಗನಿಗೆ ಒಂದು ಡ್ರಾಯಿಂಗ್ ನೋಟ್‌ಬುಕ್ ಕೊಟ್ಟು, ಹೋಗುವುದನ್ನೂ ಬರುವುದನ್ನೂ ಬರಿ, ಫೋಟೋ ಬೇಡ ಅಂದೆ. ಜೂನಿನಲ್ಲಿ ತಂದ. ಪನ್ವೇಲ್, ರೋಹಾ, ಮಾಣಗಾಂವ್ ತನಕ ಗುಡ್ಡ, ಗದ್ದೆ, ವಡಾಪಾವ್ ಮಾರುವವನು. ಆಮೇಲೆ ನಾಲ್ಕು ಪುಟ ಪೂರ್ತಿ ಕಪ್ಪು ಬಳಿದಿದ್ದ. ಏನೋ ಇದು ಅಂದರೆ, “ರಾತ್ರಿ ಆಯ್ತಲ್ಲ ಟೀಚರ್, ಏನೂ ಕಾಣ್ಲಿಲ್ಲ. ಸುರಂಗ ಬಂದ್ರೂ ಗೊತ್ತಾಗ್ಲಿಲ್ಲ” ಅಂದ. ಸುಳ್ಳು ಬರೆಯದ ಚಿತ್ರಪುಸ್ತಕವನ್ನು ನಾನು ನೋಡಿದ್ದು ಅದೇ ಮೊದಲು. ಊರಿನ ಪುಟಗಳಲ್ಲಿ ಬಾವಿಯಿತ್ತು, ಆದರೆ ಪಂಪ್‌ಸೆಟ್ ಸಮೇತ. ವಾಪಸು ಬರುವಾಗ ಮತ್ತೆ ಕಪ್ಪು ಪುಟಗಳು, ಕೊನೆಯ ಪುಟದಲ್ಲಿ ಥಾಣೆಯಲ್ಲಿಳಿದು ಹತ್ತಿದ ಲೋಕಲ್ಲು. ಕಳವಾ, ಮುಂಬ್ರಾ, ದಿವಾ, ಕೋಪರ್ ಅಂತ ಒಂದೂ ತಪ್ಪದೆ ಸ್ಟೇಶನ್ನುಗಳ ಹೆಸರು.

ಊರಿನ ಪುಟದ ಮೂಲೆಯಲ್ಲಿ ಒಂದು ಬಸ್ ಸ್ಟಾಪು ಬರೆದು ಪಕ್ಕದಲ್ಲಿ ಹೆಸರು ಹಾಕಿದ್ದ. ಅಕ್ಷರ ಅವನದಲ್ಲ, ದೊಡ್ಡವರದು. “ಅಪ್ಪ ಬರ್ದದ್ದು. ನಂಗೆ ಗೊತ್ತಿರ್ಲಿಲ್ಲ” ಅಂದ. ಆ ಹೆಸರನ್ನು ಆಮೇಲೆ ಫೋನಿನ ನಕ್ಷೆಯಲ್ಲಿ ಹುಡುಕಿದೆ. ಸಿಗಲಿಲ್ಲ.