ಸೀಗೆಕಾಯಿಯ ಹದ

ಸೀಗೆಕಾಯಿ ಕೊಳ್ಳುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಗ್ರಂಧಿಗೆ ಅಂಗಡಿಯ ಗೋಣಿಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ಕುಲುಕಿದರೆ ಗಲಗಲ ಎನ್ನಬೇಕು. ಎರಡು ಬೆರಳಿನ ನಡುವೆ ಹಿಡಿದು ಬಗ್ಗಿಸಿದರೆ ಬಾಗದೆ ಲಟಕ್ಕನೆ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಅಂಥ ಕಾಯಿ ಡಬ್ಬಿಯಲ್ಲಿ ಬೂಸಲು ಹಿಡಿಯುತ್ತದೆ, ಗಿರಣಿಯಲ್ಲಿ ಮೆತ್ತಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಕಾಯಿ ಕಂದು ಬಣ್ಣದ್ದು, ಮೈತುಂಬ ಸುಕ್ಕು, ಬೀಜ ಇರುವಲ್ಲಿ ಉಬ್ಬು, ಬೀಜದಿಂದ ಬೀಜಕ್ಕೆ ನಡುವೆ ತಗ್ಗು. ಮುರಿದ ಜಾಗಕ್ಕೆ ಮೂಗು ತಂದರೆ ಮೊದಲು ಹುಳಿ ವಾಸನೆ, ಅದರ ಬೆನ್ನಿಗೆ ಒಣಮಣ್ಣಿನ ಕಂಪು, ಕೊನೆಗೆ ಮೂಗಿನ ಆಳಕ್ಕೆ ಇಳಿಯುವ ಒಂದು ಘಾಟು. ಆ ಘಾಟಿಗೆ ಸೀನು ಬಂತೆಂದರೆ ಕಾಯಿ ಒಳ್ಳೆಯದು, ಧೈರ್ಯವಾಗಿ ಕೊಳ್ಳಬಹುದು.

ಈ ಕಾಯಿ ಬಿಡುವ ಸೀಗೆ ಕಾಡಿನ ಬಳ್ಳಿ. ಕೊಕ್ಕೆಮುಳ್ಳುಗಳಿಂದ ಪಕ್ಕದ ಮರಗಳನ್ನು ಹಿಡಿದು ಮೇಲೇರುತ್ತದೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಬಹುಕಾಲ ಇದರ ಹೆಸರು ಅಕೇಶಿಯ ಕಾನ್ಸಿನಾ. ಇದರ ಎಳೆ ಚಿಗುರು ಎಷ್ಟು ಹುಳಿಯೆಂದರೆ ಹುಣಸೆಹಣ್ಣಿನ ಬದಲಿಗೆ ಚಟ್ನಿಗೆ ಹಾಕುವವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ, ಅಂಟುವಾಳಗಳ ಜೊತೆಗೆ ಸೀಗೆಕಾಯಿಯನ್ನೂ ಕಾಡಿನಿಂದ ತರುತ್ತ ಬಂದವರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಈ ಸಂಗ್ರಹದ ಸಮುದಾಯ ಹಕ್ಕು ದೊರೆಯಿತು. ಪೇಟೆಯ ಅಂಗಡಿಯಲ್ಲಿ ಗಲಗಲ ಎನ್ನುವ ಒಂದು ಹಿಡಿ ಕಾಯಿಯ ಹಿಂದೆ ಮುಳ್ಳು ತರಚಿದ ಕೈಗಳಿವೆ ಎಂಬುದನ್ನು ಮರೆಯದೆ ಬಳಸಿದರೆ, ಪುಡಿಯನ್ನು ಪೋಲು ಮಾಡಲು ಮನಸ್ಸು ಬಾರದು.

ಪುಡಿ ಮಾಡುವುದು ಬೇಸಿಗೆಯ ಕೆಲಸ. ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಮೂರು ನಾಲ್ಕು ಬಿಸಿಲು ಕಾಣಿಸಬೇಕು. ಒಂದು ಕೆಜಿ ಸೀಗೆಕಾಯಿಗೆ ಕಾಲು ಕೆಜಿ ಹೆಸರುಕಾಳು, ಒಂದು ಹಿಡಿ ಮೆಂತ್ಯ, ಒಣಗಿಸಿಟ್ಟ ಕಿತ್ತಳೆ ಸಿಪ್ಪೆ, ಸಿಕ್ಕರೆ ದಾಸವಾಳದ ಒಣ ಹೂವು, ಸ್ವಲ್ಪ ಕಚೋರ, ಲಾವಂಚದ ಬೇರು. ಇದು ಒಂದು ಮನೆಯ ಪಟ್ಟಿ. ಪಕ್ಕದ ಮನೆಯದು ಬೇರೆ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಹೆಸರುಕಾಳು ಸೀಗೆಯ ಖಾರವನ್ನು ತಗ್ಗಿಸಿ ಪುಡಿಗೆ ಮೈ ಕೊಡುತ್ತದೆ. ಮೆಂತ್ಯ ನೀರು ಕುಡಿದು ಲೋಳೆಯಾಗಿ ಕೂದಲು ಜಾರುವಂತೆ ಮಾಡುತ್ತದೆ. ಸಿಪ್ಪೆ, ಕಚೋರ, ಲಾವಂಚಗಳು ಪರಿಮಳಕ್ಕೆ. ಹಳೇ ಮೈಸೂರಿನ ಕಡೆ ಇದರ ಜೊತೆಗೆ ಚಿಗರೆ ಪುಡಿಯೂ ಇರಬೇಕು. ಅದು ಚಿಗರೆಯ ಎಲೆಯನ್ನು ಒಣಗಿಸಿ ಕುಟ್ಟಿದ ಹಸಿರು ಪುಡಿ. ನೀರು ಬಿದ್ದೊಡನೆ ನುಣ್ಣಗೆ ಜಾರುತ್ತದೆ, ಜಿಡ್ಡನ್ನು ಸದ್ದಿಲ್ಲದೆ ಎತ್ತುತ್ತದೆ.

ಆಮೇಲೆ ಗಿರಣಿ. ಅಕ್ಕಿ ರಾಗಿ ಬೀಸುವ ಕಲ್ಲಿಗೆ ಸೀಗೆಕಾಯಿ ಹಾಕಲು ಗಿರಣಿಯವರು ಒಪ್ಪುವುದಿಲ್ಲ. ಹಾಕಿದರೆ ಮುಂದಿನವರ ರೊಟ್ಟಿ ಕಹಿ. ಆದ್ದರಿಂದ ಇದಕ್ಕೆ ಬೇರೆ ಯಂತ್ರ, ಇಲ್ಲವೇ ಬೇರೆ ದಿನ. ಬೀಸುವವರು ಮೂಗಿಗೆ ಟವೆಲ್ ಕಟ್ಟಿಕೊಂಡೇ ನಿಲ್ಲುತ್ತಾರೆ. ಬಿಸಿಬಿಸಿಯಾಗಿ ಬಂದ ಪುಡಿಯನ್ನು ಡಬ್ಬಿಗೆ ತುಂಬುವ ಮೊದಲು ಪೇಪರಿನ ಮೇಲೆ ಹರಡಿ ಆರಿಸಬೇಕು. ವಸ್ತ್ರಗಾಳಿ ಮಾಡಬೇಕೇ ಎಂಬುದರಲ್ಲಿ ಎರಡು ಪಕ್ಷಗಳಿವೆ. ನಾನು ಮಾಡುವ ಪಕ್ಷ. ಚರಟ ಉಳಿದ ಪುಡಿ ಬುಡವನ್ನು ಚೆನ್ನಾಗಿ ಉಜ್ಜುತ್ತದೆ ನಿಜ, ಆದರೆ ಉದ್ದ ಕೂದಲಿನಿಂದ ಆ ಚೂರುಗಳನ್ನು ತೆಗೆಯಲು ಸಂಜೆಯವರೆಗೆ ಕೂರಬೇಕಾಗುತ್ತದೆ.

ಸೀಗೆಕಾಯಿಯ ರುಚಿ ತಿಳಿಯಬೇಕಾದರೆ ಎಣ್ಣೆಯಿಂದ ಶುರು ಮಾಡಬೇಕು. ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಶನಿವಾರ. ಬಟ್ಟಲಿನ ಎಣ್ಣೆ ಉಗುರುಬೆಚ್ಚಗಾದ ಮೇಲೆ ಮೊದಲು ನೆತ್ತಿಗೆ ತಟ್ಟಿ, ಬೈತಲೆ ಬೈತಲೆಯಾಗಿ ಬಿಡಿಸಿ ಬುಡಕ್ಕೆ ಒತ್ತಿ, ಕೊನೆಗೆ ತುದಿಗೆ ಸವರುವ ಕ್ರಮಕ್ಕೆ ಕಾರಣವಿದೆ. ಬುಡಕ್ಕೆ ಚರ್ಮದಲ್ಲೇ ಹುಟ್ಟುವ ಜಿಡ್ಡು ಸಿಗುತ್ತದೆ. ಒಂದಡಿ ಎರಡಡಿ ಕೆಳಗಿರುವ ತುದಿಗೆ ಅದು ತಾನಾಗಿ ತಲುಪುವುದೇ ಇಲ್ಲ. ಗುಂಗುರು ಕೂದಲಿನ ತಿರುವುಗಳಲ್ಲಂತೂ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ತುದಿಗೆ ಕೈಯಿಂದಲೇ ಎಣ್ಣೆ ಒಯ್ದು ಕೊಡಬೇಕು.

ಕೂದಲಿನ ಒಂದೊಂದು ಎಳೆಯ ಹೊರಮೈಯೂ ಮಲೆನಾಡಿನ ಮಾಡಿಗೆ ಹೆಂಚು ಹೊದಿಸಿದ ಹಾಗಿದೆ. ಒಂದರ ಮೇಲೊಂದು ಅರ್ಧರ್ಧ ಕೂತ ತೆಳು ಪದರಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರು. ಅವು ಮುಚ್ಚಿಕೊಂಡು ಕೂತಿದ್ದರೆ ಬೆಳಕು ಜಾರಿ ಕೂದಲು ಹೊಳೆಯುತ್ತದೆ. ಎದ್ದು ನಿಂತರೆ ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತದೆ. ನೆತ್ತಿಯ ಚರ್ಮಕ್ಕೆ ತುಸು ಹುಳಿಯ ಗುಣವಿದೆ. ಪಿಎಚ್ ಲೆಕ್ಕದಲ್ಲಿ ಸುಮಾರು 5.5. ಮೈಗೆ ಹಚ್ಚುವ ಸಾಬೂನು 9, 10ರ ಆಸುಪಾಸಿನ ಕ್ಷಾರ; ಅದು ತಾಗಿದಾಗ ಈ ಪದರಗಳು ಉಬ್ಬಿ ಏಳುತ್ತವೆ. ಸಹಜ ಆರೈಕೆಯ ಹೆಸರಿನಲ್ಲಿ ಕೆಲವರು ಅಡುಗೆ ಸೋಡಾವನ್ನು ತಲೆಗೆ ಉಜ್ಜಿಕೊಳ್ಳುತ್ತಾರೆ. ಅದರ ನೀರೂ 8ಕ್ಕಿಂತ ಮೇಲಿನ ಕ್ಷಾರವೇ. ಅಡುಗೆಮನೆಯಲ್ಲಿರುವುದೆಲ್ಲ ತಲೆಗೆ ಒಳ್ಳೆಯದಾಗಬೇಕಿಲ್ಲ. ಸೀಗೆಯ ನೀರಿನಲ್ಲಾದರೋ ಕಾಯಿಯ ಹುಳಿ ಇಳಿದಿರುತ್ತದೆ. ಜಿಡ್ಡು ಬಿಡಿಸುವ ವಸ್ತುವೂ, ಪದರವನ್ನು ಏಳಗೊಡದ ಹುಳಿಯೂ ಒಂದೇ ಕಾಯಿಯಲ್ಲಿ ಕೂಡಿ ಬಂದಿರುವುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಜಿಡ್ಡು ಬಿಡಿಸುವ ಆ ವಸ್ತುವಿನ ಹೆಸರು ಸಪೋನಿನ್. ಅದರ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ತಂಬಿಗೆ ನೀರು ಸುರಿದಾಗ ಎಣ್ಣೆ ನೀರಿನ ಜೊತೆ ಹೊರಡುವುದು ಹೀಗೆ. ಸಾಬೂನು ಗಡಸು ನೀರಿನ ಸುಣ್ಣದಂಶದ ಜೊತೆ ಸೇರಿ ಬೂದುಬಣ್ಣದ ಅಂಟಾಗಿ ಕೂದಲಿಗೆ ಹತ್ತುತ್ತದೆ. ಬೋರ್‌ವೆಲ್ ನೀರಿನಲ್ಲಿ ಮೀಯುವವರಿಗೆಲ್ಲ ಇದು ಗೊತ್ತು. ಸಪೋನಿನ್‌ಗೆ ಆ ತೊಂದರೆ ಇಲ್ಲ. ಅಂಟುವಾಳಕಾಯಿಯಲ್ಲಿ ಇದು ಇನ್ನೂ ಹೆಚ್ಚು. ಸಿಪ್ಪೆಯನ್ನು ನೆನೆಸಿ ಕಿವುಚಿದರೆ ಬಟ್ಟಲ ತುಂಬ ಬಿಳಿ ನೊರೆ. ರೇಷ್ಮೆ ಸೀರೆಯ ಬಣ್ಣ, ಜರಿ ಕೆಡದಂತೆ ಒಗೆಯಲು, ಚಿನ್ನದ ಒಡವೆ ತೊಳೆಯಲು ನಮ್ಮ ಮನೆಗಳಲ್ಲಿ ಇಂದಿಗೂ ಇದೇ. ತಲೆಗೆ ಬಳಸುವಾಗ ಮಾತ್ರ ಎರಡು ಮೂರು ಕಾಯಿ ಸಾಕು, ಅದೂ ಸೀಗೆಯ ಜೊತೆಗೆ. ನೊರೆಯ ಆಸೆಗೆ ಹೆಚ್ಚು ಹಾಕಿದರೆ ಕೂದಲು ಒರಟಾಗುತ್ತದೆ.

ಇನ್ನು ಕಲಸುವುದು. ತಣ್ಣೀರಿನಲ್ಲಿ ಕಲಸಿದ ಸೀಗೆಪುಡಿ ಅರೆನಿದ್ದೆಯಲ್ಲಿರುತ್ತದೆ. ಬಿಸಿನೀರು, ಅದಕ್ಕಿಂತ ಮಿಗಿಲಾಗಿ ಅನ್ನ ಬಸಿದ ಗಂಜಿ ತಿಳಿ ಬಿದ್ದರೆ ಅದು ಏಳುತ್ತದೆ. ಪುಡಿ ಉಬ್ಬಿ, ಬಣ್ಣ ಗಾಢವಾಗಿ, ಬಚ್ಚಲುಮನೆ ತುಂಬ ಹುಳಿಗಂಪು ಹರಡುತ್ತದೆ. ದೋಸೆಹಿಟ್ಟಿಗಿಂತ ತೆಳು, ಮಜ್ಜಿಗೆಗಿಂತ ಗಟ್ಟಿ. ಬೆರಳಲ್ಲಿ ಎತ್ತಿದರೆ ಸಂದಿಯಿಂದ ನಿಧಾನ ಇಳಿಯಬೇಕು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳಬೇಕು. ಒಂದು ತೊಟ್ಟು ಒಳಗೆ ಹೋದರೂ ಉರಿ ಸಾಮಾನ್ಯದ್ದಲ್ಲ, ಕೆಂಪು ಇಳಿಯಲು ಹೊತ್ತು ಬೇಕು. ಎಳೆ ಮಕ್ಕಳಿಗೆ ಸೀಗೆ ಬೇಡವೆಂದು ಕಡಲೆಹಿಟ್ಟು, ಹೆಸರುಹಿಟ್ಟು ಹಚ್ಚುವುದು ಇದಕ್ಕೇ.

ತಲೆಗೆ ಹಚ್ಚಿದ ಮೊದಲ ಸುತ್ತಿನಲ್ಲಿ ಏನೂ ಆದಂತೆ ಕಾಣುವುದಿಲ್ಲ. ಎಣ್ಣೆ, ಪುಡಿ ಕೂಡಿ ಬೆರಳಡಿ ಒಂದು ಕೆಸರು. ಉಜ್ಜುತ್ತಾ ಹೋದಂತೆ ಆ ಕೆಸರು ಸಡಿಲವಾಗಿ, ತೆಳು ಕಂದು ನೊರೆ ಕಿವಿಯ ಹಿಂದೆ ಕಾಣಿಸಿಕೊಳ್ಳುತ್ತದೆ. ಎರಡು ತಂಬಿಗೆ ನೀರು. ಮತ್ತೊಂದು ಸುತ್ತು. ಈಗ ಬೆರಳಿಗೆ ಕೂದಲಿನ ಎಳೆ ಎಳೆಯೂ ಬೇರೆ ಬೇರೆಯಾಗಿ ಸಿಗತೊಡಗುತ್ತದೆ. ನಿಲ್ಲಿಸಬೇಕಾದ ಜಾಗ ಇದೇ. ಕೂದಲನ್ನು ಬೆರಳಲ್ಲಿ ಎಳೆದಾಗ ಕಿಚಕಿಚ ಎಂದರೆ ಹದ ಮೀರಿತು, ತೊಳೆಯಬಾರದ್ದನ್ನೂ ತೊಳೆದೆವು. ಜಾರಿ ಅಂಟಿದರೆ ಹದ ಬಂದಿಲ್ಲ. ಜಾರಬೇಕು, ಅಂಟಬಾರದು. ಮಾತಿನಲ್ಲಿ ಎಣ್ಣೆ ಸೀಗೆಕಾಯಿ ಎಂದರೆ ಒಬ್ಬರಿಗೊಬ್ಬರು ಆಗದವರು. ಬಚ್ಚಲಿನಲ್ಲಿ ಇವೆರಡೂ ಒಂದನ್ನೊಂದು ಪೂರ್ತಿ ಸೋಲಿಸದೆ ಬಿಡುವುದರಲ್ಲೇ ಸ್ನಾನದ ಸೊಗಸಿರುವುದು. ಒಳ್ಳೆಯ ಸೀಗೆಸ್ನಾನ ಕೂದಲಿನ ಮೇಲೆ ಸ್ವಲ್ಪ ಎಣ್ಣೆಯನ್ನು ಉಳಿಸಿ ಮುಗಿಯುತ್ತದೆ.

ಘಟ್ಟದ ಮೇಲೂ ಕೆಳಗೂ ಮಳೆ ಸುರಿಯುವ ಊರುಗಳಲ್ಲಿ ಇದಕ್ಕಿಂತ ಮೆದುವಾದ ಇನ್ನೊಂದು ದಾರಿಯಿದೆ, ದಾಸವಾಳದ ಸೊಪ್ಪಿನ ಗಂಪು. ಬೇಲಿಯ ಮೇಲಿನ ಒಂಟಿ ಸುತ್ತಿನ ಕೆಂಪು ದಾಸವಾಳವೇ ಆಗಬೇಕು. ಎರಡು ಹಿಡಿ ಎಲೆ ಕಿತ್ತು ತೊಳೆದು, ಪಾತ್ರೆಯಲ್ಲಿ ಒಂದು ಲೋಟ ನೀರು ಹಾಕಿ ಕೈಯಿಂದಲೇ ಕಿವುಚಬೇಕು. ಮೊದಲು ಎಲೆ ಹರಿಯುವ ಸದ್ದು, ಹಸಿ ವಾಸನೆ, ಹಸಿರು ನೀರು. ನೋಡನೋಡುತ್ತ ನೀರು ದಪ್ಪವಾಗುತ್ತದೆ. ಕೈ ಮೇಲೆತ್ತಿದರೆ ಐದು ಬೆರಳಿಂದಲೂ ಲೋಳೆ ಎಳೆಯೆಳೆಯಾಗಿ ಇಳಿದು, ಕಡಿಯದೆ ಪಾತ್ರೆ ಮುಟ್ಟುತ್ತದೆ. ಅದನ್ನು ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಗಂಪು ಸಿದ್ಧ. ಮಿಕ್ಸಿಗೆ ಹಾಕಿದರೆ ಎಲೆಯ ನುಚ್ಚು ಸೇರಿಕೊಂಡು ಸೋಸುವುದು ಕಷ್ಟ. ಈ ಗಂಪಿಗೆ ನೊರೆ ಇಲ್ಲ, ಘಾಟು ಇಲ್ಲ. ತಲೆಗೆ ಸುರಿದರೆ ನೆತ್ತಿ ತಣ್ಣಗಾಗುತ್ತದೆ. ಗುಂಗುರು ಕೂದಲಿನವರಿಗೆ ಇದು ವರವೇ ಸರಿ. ಲೋಳೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬಂದರೆ, ಒಣಗಿದಾಗ ಕಣ್ಣೀರು ತರಿಸುವ ಸಿಕ್ಕು ಒಂದು ಎಳೆಯೂ ಹರಿಯದೆ ಬಿಟ್ಟುಕೊಳ್ಳುತ್ತದೆ. ಕಿವುಚಿದ ಗಂಪು ಅಂದಂದಿಗೇ ಮುಗಿಯಬೇಕು. ಮಾರನೆಯ ದಿನಕ್ಕೆ ಹುಳಿತು ನಾರುತ್ತದೆ.

ಎರಡು ತಲೆಸ್ನಾನಗಳ ನಡುವಿನ ದಿನಗಳಿಗೆ ಬರಿಯ ನೀರು ಸಾಕು. ಬೆವರಿನ ಉಪ್ಪು, ಬೀದಿಯ ಧೂಳು ನೀರಿಗೇ ಹೋಗುತ್ತವೆ. ಉಗುರುಬೆಚ್ಚಗಿನ ನೀರು ಹೊಯ್ದುಕೊಂಡು, ಬೆರಳ ತುದಿಯಿಂದ ಬುಡವನ್ನು ತಿಕ್ಕಿ, ಒಣಗಿದ ಮೇಲೆ ಮರದ ಹಣಿಗೆಯಿಂದ ಬುಡದಿಂದ ತುದಿಯವರೆಗೆ ನಿಧಾನ ಬಾಚಿದರೆ ನೆತ್ತಿಯ ಜಿಡ್ಡು ಉದ್ದಕ್ಕೂ ಹರಡಿಕೊಳ್ಳುತ್ತದೆ. ಶಾಂಪೂ ಬಿಟ್ಟ ಮೊದಲ ವಾರಗಳಲ್ಲಿ ತಲೆ ಎಣ್ಣೆಯೆಣ್ಣೆ ಅನ್ನಿಸಿದರೆ ಗಾಬರಿ ಬೇಡ. ಈ ಬಾಚುವ ಅಭ್ಯಾಸ ಆಗ ಕೈಹಿಡಿಯುತ್ತದೆ.

ನೀರಿನ ಸುಖವನ್ನು ಹಬ್ಬವನ್ನಾಗಿಯೇ ಮಾಡಿಕೊಂಡ ಜನ ನಾವು. ದೀಪಾವಳಿ ನಮ್ಮಲ್ಲಿ ಶುರುವಾಗುವುದು ನೀರು ತುಂಬುವ ಹಬ್ಬದಿಂದ. ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಮಲೆನಾಡಿನಲ್ಲಾದರೆ ಹಿಂಡಲೆ ಬಳ್ಳಿಯನ್ನು ಕೊರಳಿಗೆ ಸುತ್ತಿ ನೀರು ತುಂಬಿಸುತ್ತಾರೆ. ನರಕ ಚತುರ್ದಶಿಯ ನಸುಕಿನಲ್ಲಿ ಬಚ್ಚಲೊಲೆಯ ಸೌದೆ ಹೊಗೆ, ಎಣ್ಣೆ, ಸೀಗೆ ಮೂರೂ ಬೆರೆತ ಒಂದು ವಾಸನೆ ಮನೆಯಲ್ಲಿ ಸುಳಿಯುತ್ತದಲ್ಲ, ಅದನ್ನು ಯಾವ ಸೀಸೆಯಲ್ಲೂ ಹಿಡಿದಿಡಲು ಆಗಿಲ್ಲ. ಮಿಂದ ಮೇಲೆ ಹತ್ತಿಯ ಪಂಚೆಯಲ್ಲಿ ತಲೆ ಸುತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಬಾಣಂತಿಗೂ ಮಗುವಿಗೂ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿ ಹೊಗೆ ಕೊಡುವುದುಂಟು. ಒದ್ದೆ ಕೂದಲು ಹೊಗೆಯ ಗಂಧವನ್ನು ಹೀರಿಕೊಂಡು ಎರಡು ದಿನ ಬಿಡದೆ ಇಟ್ಟುಕೊಳ್ಳುತ್ತದೆ.

ಸೀಗೆಯಲ್ಲಿ ಮಿಂದ ತಲೆಯ ಚೆಲುವು ಆ ದಿನಕ್ಕಿಂತ ಮಾರನೆಯ ದಿನ ಹೆಚ್ಚು. ಹಾರಾಡುವ ಪುಡಿಗೂದಲು ಅಡಗಿರುತ್ತದೆ. ಜಡೆ ಹೆಣೆದರೆ ಮೂರು ಕಾಲೂ ಬಿಗಿಯಾಗಿ ಕೂತು, ರಬ್ಬರ್ ಇಲ್ಲದೆಯೂ ಸಂಜೆಯವರೆಗೆ ಬಿಚ್ಚದೆ ನಿಲ್ಲುತ್ತದೆ. ಮುಡಿದ ಮಲ್ಲಿಗೆ ದಂಡೆ ಜಾರುವುದಿಲ್ಲ. ಉಳಿದ ಆ ತುಸು ಎಣ್ಣೆಯೇ ಇದನ್ನೆಲ್ಲ ಮಾಡುವುದು. ಮೂಗಿಗೆ ಬರುವುದೂ ಹಣ್ಣಿನ, ಹೂವಿನ ಎರವಲು ಪರಿಮಳವಲ್ಲ. ಸೀಗೆಯ ಹುಳಿ ಆರಿದ ಮೇಲೆ ಉಳಿಯುವ ಕೂದಲಿನದೇ ಬೆಚ್ಚನೆಯ ವಾಸನೆ. ಮಕ್ಕಳು ತಾಯಿಯನ್ನು ಕತ್ತಲಲ್ಲೂ ಗುರುತಿಸುವ ವಾಸನೆ ಅದು.

ಈ ಹದವನ್ನು ಯಾವ ಪೊಟ್ಟಣದ ಮೇಲೂ ಅಚ್ಚು ಹಾಕಲಾಗದು. ಎಣ್ಣೆ ಎಷ್ಟು ಒತ್ತಿದ್ದೇವೆ, ಕೂದಲು ಎಷ್ಟು ದಟ್ಟ ಎಂಬುದರ ಮೇಲೆ ಪುಡಿಯ ಅಳತೆ ಬದಲಾಗುತ್ತದೆ. ಅಳೆಯುವ ಸಾಧನ ಬೆರಳೊಂದೇ. ಮನೆಯಲ್ಲಿ ಎಣ್ಣೆನೀರು ಎರೆದು ಅಭ್ಯಾಸವಿರುವ ಅಜ್ಜಿಯೋ ಅತ್ತೆಯೋ ಇದ್ದರೆ ಬರುವ ಶುಕ್ರವಾರ ಅವರ ಕೈಗೆ ತಲೆ ಒಡ್ಡಿ, ಮುಂದಿನ ವಾರ ಅವರ ತಲೆಗೆ ನೀವು ಎರೆಯಿರಿ. ಕೈಗೆ ಹದ ಗೊತ್ತಾಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಒಬ್ಬರೇ ಶುರು ಮಾಡುವುದಾದರೆ ಪುಡಿಯನ್ನು ಕಡಿಮೆಯೇ ಕಲಸಿಕೊಳ್ಳಿ. ಸಾಲದಿದ್ದರೆ ಇನ್ನೊಂದು ಚಮಚ ಸೇರಿಸಬಹುದು. ಹೆಚ್ಚಾಗಿ ತೊಳೆದುಹೋದ ಎಣ್ಣೆಯನ್ನು ಅಂದೇ ಮರಳಿ ತರಲಾಗದು.